ಅಪ್ಪನ ದನಿಗೊಂದು ಕ್ಯಾಮೆರಾ

ಹೆದರಿಕೆಯಾದಾಗ ಮನುಷ್ಯರು ಏನೇನು ಮಾಡುತ್ತಾರೆ ಎಂದು ನೀವು ಗಮನಿಸಿರಬಹುದು. ಕೆಲವರು ಅಳುತ್ತಾರೆ, ಕೆಲವರು ಹರಕೆ ಹೊರುತ್ತಾರೆ. ನನ್ನ ಹೆಂಡತಿ ಸುಜಾತಾ ಹೆದರಿದಳೆಂದರೆ ಅಡುಗೆಮನೆಯ ಪಾತ್ರೆಗಳನ್ನೆಲ್ಲ ಹೊರಗೆಳೆದು, ತೊಳೆದಿಟ್ಟದ್ದನ್ನೇ ಮತ್ತೆ ತೊಳೆಯುತ್ತಾಳೆ. ನಾನು ಮಾತ್ರ, ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಹೆದರಿದಾಗ ಯಾವುದಾದರೂ ಎರಡು ವಸ್ತುಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸತೊಡಗುತ್ತೇನೆ. ಸುಜಾತಾಳ ಹೆರಿಗೆಯ ದಿನ ನಾನು ಆಸ್ಪತ್ರೆಯ ಎದುರಿನ ಅಂಗಡಿಯಲ್ಲಿ ಎರಡು ಥರ್ಮಾಸ್ ಫ್ಲಾಸ್ಕುಗಳ ಮುಚ್ಚಳ ತಿರುಗಿಸುತ್ತ ನಿಂತಿದ್ದೆ. ಒಂದರ ಮುಚ್ಚಳ ಬಿಗಿ, ಇನ್ನೊಂದರ ಹಿಡಿಕೆ ಗಟ್ಟಿ. ಯಾವುದು ವಾಸಿ ಎಂದು ತೀರ್ಮಾನವಾಗದೆ ಬರಿಗೈಯಲ್ಲಿ ಒಳಗೆ ಬಂದಾಗ ಮಗಳು ಹುಟ್ಟಿ ಇಪ್ಪತ್ತು ನಿಮಿಷವಾಗಿತ್ತು. ಮಗಳಿಗೆ ಈಗ ಹದಿನೈದು ವರ್ಷ. ಅವಳ ಪ್ರತಿ ಹುಟ್ಟುಹಬ್ಬಕ್ಕೂ ನಮ್ಮ ಮನೆಯಲ್ಲಿ ಆ ಫ್ಲಾಸ್ಕಿನ ಮಾತು ಬರುತ್ತದೆ.

ಇದಕ್ಕೆ ನನ್ನ ಕೆಲಸವೂ ಸ್ವಲ್ಪ ಕಾರಣ. ನಾನು ರಾಯಚೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಸಹಾಯಕ. ತಂತಿಯ ದಪ್ಪವಾಗಲಿ, ಲೋಲಕದ ಉದ್ದವಾಗಲಿ, ಮೂರು ಸಲ ಅಳೆಯಿರಿ, ಸರಾಸರಿ ತೆಗೆಯಿರಿ ಎಂದು ಇಪ್ಪತ್ತೆರಡು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಹೇಳಿದ್ದನ್ನು ಹುಡುಗರು ಕೇಳಲಿಲ್ಲ, ಮೊದಲ ಅಳತೆಯನ್ನೇ ಸ್ವಲ್ಪ ಅತ್ತಿತ್ತ ಮಾಡಿ ಮೂರು ಸಲ ಬರೆದರು. ಕೇಳಿದವನು ನಾನೊಬ್ಬನೇ. ಹೀಗಾಗಿ ಬದನೆಕಾಯಿ ಕೊಳ್ಳುವಾಗಲೂ ನನಗೆ ಮೂರು ಗಾಡಿ ಸುತ್ತದೆ ಸಮಾಧಾನವಿಲ್ಲ.

ಹೋದ ಡಿಸೆಂಬರಿನಲ್ಲಿ ಅಪ್ಪನ ಕತ್ತಿನ ಗಂಟನ್ನು ತೋರಿಸಲು ಡಾಕ್ಟರ ಬಳಿ ಹೋದೆವು. ವರ್ಷಗಳಿಂದ ಲಿಂಬೆಹಣ್ಣಿನಷ್ಟಿದ್ದ ಗಂಟು ಆರು ತಿಂಗಳಲ್ಲಿ ಮೋಸಂಬಿಯಷ್ಟಾಗಿತ್ತು. ಡಾಕ್ಟರು ಮುಟ್ಟಿ ನೋಡಿದರು, ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದರು, ಆಮೇಲೆ ಅಪ್ಪನನ್ನು ತೂಕ ನೋಡಿಸಿಕೊಂಡು ಬರಲು ಪಕ್ಕದ ಕೋಣೆಗೆ ಕಳಿಸಿದರು. ರೋಗಿಯನ್ನು ತೂಕಕ್ಕೆ ಕಳಿಸಿ ಮಗನನ್ನು ಕುಳ್ಳಿರಿಸಿಕೊಂಡರೆ ಏನರ್ಥ ಎಂದು ನನಗೆ ಗೊತ್ತಿತ್ತು.

“ಗಂಟು ತೆಗೀಲೇಬೇಕು. ಕೆಟ್ಟ ಗಂಟಿನ ಹಂಗ ಕಾಣಂಗಿಲ್ಲ, ಆ ಚಿಂತಿ ಬ್ಯಾಡ,” ಎಂದರು ಡಾಕ್ಟರು. “ಆದ್ರ ಅದು ದನಿಯ ನರಕ್ಕ ಅಂಟಿಕೊಂಡದ. ನರ ಉಳಿಸಾಕ ನೋಡ್ತೀವಿ. ದನಿ ಮೊದಲಿನಂಗ ಉಳೀತದ ಅಂತ ಮಾತ್ರ ನಾ ಹೇಳಂಗಿಲ್ಲ.”

“ಎಷ್ಟು ಪರ್ಸೆಂಟ್ ಅಂತ ಹೇಳಬಹುದೇನ್ರಿ?”

“ನೀವು ಸೈನ್ಸ್ ಮಾಸ್ತರೇನು?”

“ಇಲ್ರಿ. ಲ್ಯಾಬ್ ಅಸಿಸ್ಟೆಂಟ್.”

“ಅದಕ್ಕ ಕೇಳಾಕತ್ತೀರಿ,” ಎಂದು ಅವರು ನಕ್ಕರು, ಆದರೆ ಅಂಕಿ ಹೇಳಲಿಲ್ಲ. ಎಳ್ಳ ಅಮಾವಾಸ್ಯೆ ಮುಗಿಸಿಕೊಂಡು ಬನ್ನಿ ಎಂದು ದಿನ ಬರೆದುಕೊಟ್ಟರು. ಎಣಿಸಿದೆ, ಇಪ್ಪತ್ತನಾಲ್ಕು ದಿನ. ಹೊರಗೆ ಅಪ್ಪ ಚಪ್ಪಲಿ ಹಾಕಿಕೊಳ್ಳುತ್ತ ಇಡೀ ವರಾಂಡಕ್ಕೆ ಕೇಳುವಂತೆ ಕೇಳಿದ, “ಏನಂದಲೇ ಡಾಕ್ಟರ್?”

“ಸಣ್ಣ ಆಪರೇಷನ್ ಅಂತ ಯಪ್ಪಾ.”

“ಸಣ್ಣದಂದ್ರ ನೀ ಯಾಕ ಬೆವರಾಕತ್ತೀ?”

“ಸೆಕಿ,” ಎಂದೆ. ಪಕ್ಕದಲ್ಲಿ ಕುಳಿತವರು ಶಾಲು ಹೊದ್ದುಕೊಂಡಿದ್ದರು.

ಅಪ್ಪನ ದನಿಯ ಬಗ್ಗೆ ನಿಮಗೆ ಹೇಳಬೇಕು. ಅಪ್ಪನ ಹೆಸರು ಹುಲಿಗೆಪ್ಪ. ಮಾನ್ವಿಯ ಒಂದು ಅಕ್ಕಿ ಗಿರಣಿಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಚೀಲ ಹೊತ್ತು, ಕೊನೆಯ ಹನ್ನೆರಡು ವರ್ಷ ಹಮಾಲರ ಜಮಾದಾರನಾಗಿದ್ದವನು. ಜಮಾದಾರನಿಗೆ ಬೆನ್ನಿಗಿಂತ ಗಂಟಲು ಮುಖ್ಯ. ಗಿರಣಿ ನಡೆಯುವಾಗ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸದು. ಆ ಸದ್ದಿನ ತಲೆಯ ಮೇಲೆ ಹಾದು ಅಪ್ಪನ ದನಿ ಅಂಗಳದ ಆಚೆ ತುದಿಯ ಲಾರಿಯವರೆಗೆ ಹೋಗುತ್ತಿತ್ತು. ಚೀಲ ಎಣಿಸುವಾಗ ಮೊದಲನೆಯದಕ್ಕೆ ಒಂದು ಎನ್ನುವಂತಿಲ್ಲ, ಲಾಭ ಎನ್ನಬೇಕು, ಅದು ಗಂಜಿನ, ಅಂದರೆ ಧಾನ್ಯದ ಪೇಟೆಯ ಪದ್ಧತಿ. ಲಾಭಾ, ಎರಡೋ, ಮೂರೋ ಎಂದು ಶುರುವಾಗುತ್ತಿತ್ತು. ಈ ಅಭ್ಯಾಸ ಮನೆಗೂ ಬಂತು. ನಮ್ಮನ್ನು ಬಸ್ಸು ಹತ್ತಿಸುವಾಗ ಅಪ್ಪ ತಲೆ ಮುಟ್ಟಿ ಎಣಿಸುತ್ತಿದ್ದ. ಅಕ್ಕ ಶಾಂತವ್ವ ಹಿರಿಯಳಾದ್ದರಿಂದ ಅವಳು ಯಾವಾಗಲೂ ಲಾಭ. ನಾನು ಬರೀ ಎರಡು. ಮೆಲ್ಲಗೆ ಮಾತಾಡುವುದು ಅಪ್ಪನಿಗೆ ಬರುವುದೇ ಇಲ್ಲ. ಅಪ್ಪ ನನ್ನ ಕಿವಿಯಲ್ಲಿ ಒಂದು ಗುಟ್ಟು ಹೇಳಿದರೆ ಎದುರುಮನೆಯವರು ಕಿಟಕಿ ತೆರೆದು, “ಹೌದೇನ್ರಿ?” ಎನ್ನುತ್ತಾರೆ. ಇದಕ್ಕಾಗಿ ನಾನು ನಾಚಿದ್ದೇನೆ, ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತಿದ್ದೇನೆ. ಆ ದನಿ ಇಪ್ಪತ್ತನಾಲ್ಕು ದಿನಗಳಲ್ಲಿ ಇಲ್ಲವಾಗಬಹುದು ಎಂದಾಗ ಮಾತ್ರ, ಅದಿಲ್ಲದ ಮನೆ ಹೇಗಿರುತ್ತದೆ ಎಂದು ಊಹಿಸಲು ನನ್ನಿಂದ ಆಗಲಿಲ್ಲ.

ನಮಗೆ ಒಮ್ಮೆ ಹೀಗೆ ಆಗಿಹೋಗಿದೆ. ಅವ್ವ ತೀರಿಕೊಂಡು ಒಂಬತ್ತು ವರ್ಷವಾಯಿತು. ಎರಡು ಫೋಟೋ ಇವೆ, ದನಿ ಇಲ್ಲ. ಅವ್ವ ನನ್ನನ್ನು ಊಟಕ್ಕೆ ಹೇಗೆ ಕರೆಯುತ್ತಿದ್ದಳು ಎಂದು ನಾನು ಕೂಗಿ ತೋರಿಸಿದರೆ ಅಕ್ಕ, “ಹಂಗಲ್ಲ, ಕಡೀಗಿ ಎಳೀತಿದ್ದಳು,” ಎನ್ನುತ್ತಾಳೆ. ಅವಳು ಕೂಗಿ ತೋರಿಸಿದರೆ ಅದು ಅಕ್ಕನ ದನಿಯೇ ಹೊರತು ಅವ್ವನದಲ್ಲ. ಇಬ್ಬರೂ ಸ್ವಲ್ಪ ಹೊತ್ತು ಕೂಗಾಡಿ ಸುಮ್ಮನಾಗುತ್ತೇವೆ. ಅಪ್ಪನ ವಿಷಯದಲ್ಲಿ ಹಾಗಾಗಬಾರದು ಎಂದು ಆಸ್ಪತ್ರೆಯಿಂದ ಮನೆಗೆ ಬರುವ ಆಟೋದಲ್ಲೇ ನಿಶ್ಚಯಿಸಿದೆ. ಒಂದು ವಿಡಿಯೋ ಕ್ಯಾಮೆರಾ ಕೊಳ್ಳುವುದು. ಅಪ್ಪನಿಗೆ ಕಾರಣ ಹೇಳುವುದು ಬೇಡ, ರಜೆಯಲ್ಲಿ ಮನೆಮಂದಿಯನ್ನೆಲ್ಲ ತೆಗೆಯಲು ಎಂದರಾಯಿತು.

ಮೊಬೈಲು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಅಪ್ಪನ ಮುಖದ ಮುಂದೆ ಮೊಬೈಲು ಬಂದರೆ ಅದು ಅಕ್ಕನ ವಿಡಿಯೋ ಕಾಲ್ ಎಂದೇ ಅರ್ಥ. ಹಿಡಿದ ಕೂಡಲೇ, “ಹಲೋ, ಶಾಂತವ್ವಾ! ಊಟ ಆತೇನು?” ಎನ್ನುತ್ತಾನೆ. ಯಾರೂ ಇಲ್ಲ ಯಪ್ಪಾ, ನಾನು ನಿನ್ನನ್ನು ತೆಗೆಯುತ್ತಿದ್ದೇನೆ ಎಂದರೆ, “ಯಾರೂ ಇಲ್ಲಂದ್ರ ಯಾಕ ಹಿಡದಿ? ಕಟ್ ಮಾಡು,” ಎಂದು ಮುಖ ತಿರುಗಿಸುತ್ತಾನೆ. ಇಂಥ ಮೂರು ತುಣುಕುಗಳು ನನ್ನ ಬಳಿ ಇದ್ದವು. ಮೂರರಲ್ಲೂ ಊಟ ಆತೇನು ಎಂಬ ಪ್ರಶ್ನೆ, ಕಟ್ ಮಾಡು ಎಂಬ ಉತ್ತರ. ಸರಾಸರಿ ತೆಗೆದರೂ ಅಷ್ಟೇ.

ತೀನ್ ಕಂದೀಲ್ ವೃತ್ತದಿಂದ ಸ್ವಲ್ಪ ಒಳಗೆ ಖಾದರ್ ಭಾಯಿಯ ಅಂಗಡಿ. ಮದುವೆಗಳಿಗೆ ವಿಡಿಯೋ ತೆಗೆಯುವುದು ಅವರ ಮುಖ್ಯ ಕೆಲಸ. ಕ್ಯಾಮೆರಾ ಮಾರುವುದೂ ಉಂಟು. ಕೈಯಲ್ಲಿ ಹಿಡಿಯುವ ಕ್ಯಾಮ್‌ಕಾರ್ಡರ್ ಬೇಕು ಎಂದಾಗ ಅವರು ನನ್ನನ್ನು ಒಂದು ನಿಮಿಷ ನೋಡಿದರು. “ಸರ್, ಇವನ್ನ ಈಗ ಯಾರೂ ಕೇಳಂಗಿಲ್ಲ. ಮದುವಿಯವರಿಗಿ ದೊಡ್ಡ ಕ್ಯಾಮೆರಾ ಬೇಕು, ಉಳದವರಿಗಿ ಮೊಬೈಲ್ ಸಾಕು. ನೀವು ಕುಂದ್ರಿ, ಮೊದಲ ಧೂಳ ಒರಸ್ತೀನಿ.” ಮೇಲಿನ ಹಲಗೆಯಿಂದ ಮೂರು ಡಬ್ಬಿ ಇಳಿಸಿ ಒರೆಸಿದರು. ಮೂರು ಎಂದಾಗಲೇ ನಾನು ಜಾರಿಬಿದ್ದೆ. ಎರಡಿದ್ದರೆ ಹೋಲಿಸಿ ಬಿಡಬಹುದು, ಮೂರಿದ್ದರೆ ತಖ್ತೆ ಹಾಕಬೇಕಾಗುತ್ತದೆ. ಕಾಲೇಜಿನ ಹಳೆಯ ರೆಕಾರ್ಡ್ ಪುಸ್ತಕವೊಂದರಲ್ಲಿ ಗೆರೆ ಎಳೆದು ಬರೆದುಕೊಂಡೆ: ಜೂಮ್, ಮೈಕು, ಬ್ಯಾಟರಿ, ತೂಕ, ಕೈ ನಡುಗಿದರೆ ಚಿತ್ರ ನಿಲ್ಲುತ್ತದೋ ಇಲ್ಲವೋ.

ಈ ಕೊನೆಯದು ನನಗೆ ಮುಖ್ಯವಾಗಿತ್ತು. ಡಾಕ್ಟರ ಕೋಣೆಯಿಂದ ಹೊರಬಿದ್ದ ದಿನದಿಂದ ನನ್ನ ಬಲಗೈ ಸಣ್ಣಗೆ ನಡುಗುತ್ತಿತ್ತು. ಚಹಾದ ಬಟ್ಟಲಿನಲ್ಲಿ ಅಲೆ ಏಳುವಷ್ಟು, ಚೆಲ್ಲುವಷ್ಟಲ್ಲ. ಕ್ಯಾಮೆರಾ ಹಿಡಿದು ಎದುರಿನ ಹಣ್ಣಿನ ಗಾಡಿಯನ್ನು ತೆಗೆದೆ. ಪರದೆಯ ಮೇಲೆ ದಾಳಿಂಬೆಗಳು ಕುಣಿದವು. “ಇದಕ್ಕ ನಡುಕ ತಡಿಯೋ ಶಕ್ತಿ ಅದ ಸರ್,” ಎಂದರು ಖಾದರ್ ಭಾಯಿ, “ಆದ್ರ ನಿಮ್ಮಷ್ಟು ನಡುಗಿದ್ರ ಅದರೇ ಏನ್ ಮಾಡ್ತದ ಪಾಪ?” ಮರುದಿನ ಮೈಕಿನ ಪರೀಕ್ಷೆ. ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮೂರರಲ್ಲೂ ಒಂದೊಂದು ನಿಮಿಷ ಹಿಡಿದೆ. ಮೊದಲನೆಯದರಲ್ಲಿ ನನ್ನ ಉಸಿರು ಕೇಳಿಸಿತು. ಎರಡನೆಯದರಲ್ಲಿ ಉಸಿರೂ ಆಟೋ ಸದ್ದೂ ಕೇಳಿಸಿದವು. ಮೂರನೆಯದರಲ್ಲಿ ಆಟೋ ಮಾತ್ರ. ಮೂರನೆಯದೇ ಉತ್ತಮ ಎಂದು ಬರೆಯಹೊರಟಾಗ ಅವರು ತಡೆದರು: “ಅದರಾಗ ನೀವು ಉಸುರ ಹಿಡದು ನಿಂತಿದ್ರಿ ಸರ್.” ಹಾಗಾಗಿ ಮೊದಲಿನಿಂದ ಮತ್ತೆ. ದೂರದ ದನಿ ಹೇಗೆ ಬರುತ್ತದೆ ಎಂದು ನೋಡಲು ರಸ್ತೆಯ ಆಚೆ ನಿಂತು ಕೂಗಬೇಕೆಂದು ಅವರನ್ನೇ ಕೇಳಿಕೊಂಡೆ. “ಏನಂತ ಕೂಗ್ಲಿ?” ಎಂದರು. ಏನಾದರೂ ಕೂಗಿ ಎಂದೆ. ಆ ಸಂಭಾವಿತ ಮನುಷ್ಯ ರಸ್ತೆ ದಾಟಿ ಹೋಗಿ, ಎರಡೂ ಕೈ ಬಾಯಿಗೆ ಹಿಡಿದು ಕೂಗಿದರು: “ತೊಗೊಳ್ರೀ ಸರ್! ಯಾವದರ ಒಂದು ತೊಗೊಳ್ರೀ!”

ದಿನಗಳು ಹೀಗೆ ಹೋದವು. ಕಾಲೇಜು ಬಿಟ್ಟ ಮೇಲೆ ಅಂಗಡಿ, ಅಂಗಡಿ ಬಿಟ್ಟ ಮೇಲೆ ಮನೆಯಲ್ಲಿ ಕೂತು ಇತರರು ಮೊಬೈಲಿನಲ್ಲಿ ಬರೆದ ಅಭಿಪ್ರಾಯಗಳ ಅಧ್ಯಯನ. ಒಬ್ಬ ಐದು ನಕ್ಷತ್ರ ಕೊಟ್ಟು ಡಬ್ಬಿ ಇನ್ನೂ ತೆರೆದಿಲ್ಲ ಎಂದು ಬರೆದಿದ್ದ. ಇನ್ನೊಬ್ಬ ಒಂದೇ ನಕ್ಷತ್ರ ಕೊಟ್ಟು, ಕ್ಯಾಮೆರಾ ಚೆನ್ನಾಗಿದೆ, ನನ್ನ ಅಳಿಯ ಕದ್ದೊಯ್ದ ಎಂದು ಬರೆದಿದ್ದ. ಇಬ್ಬರ ಮಾತನ್ನೂ ನಾನು ಪುಸ್ತಕದಲ್ಲಿ ಗುರುತು ಮಾಡಿಕೊಂಡೆ. ಅತ್ತ ಪಡಸಾಲೆಯಲ್ಲಿ ಅಪ್ಪ ಎಂದಿನಂತೆ ಕೂಗಾಡಿಕೊಂಡಿದ್ದ. ನೀರು ಬಂದರೆ ಕೂಗು, ನೀರು ಹೋದರೆ ಕೂಗು, ಬೀದಿಯಲ್ಲಿ ಹೋಗುವ ಹಳೆಯ ಹಮಾಲನನ್ನು ಕಂಡರೆ ಕೂಗು. ಒಂದೊಂದು ಕೂಗಿಗೂ, ಇದೊಂದು ಹಿಡಿಯದೆ ಹೋಯಿತಲ್ಲ ಎಂದುಕೊಳ್ಳುತ್ತಿದ್ದೆ. ಆದರೂ ಮೈಕಿನ ವಿಷಯ ಇತ್ಯರ್ಥವಾಗದೆ ಮುಂದೆ ಹೋಗುವುದು ಹೇಗೆ?

“ನೀವು ಕ್ಯಾಮೆರಾ ಆರಿಸೂದರೊಳಗ ಮಾವಾರ ಆಪರೇಷನ್ ಆಗಿ, ಹೊಲಿಗಿ ಬಿಚ್ಚಿರ್ತಾರ,” ಎಂದಳು ಸುಜಾತಾ. ಅವಳಿಗೂ ಹೆದರಿಕೆಯಿತ್ತು, ಅದೇ ಪಾತ್ರೆಯನ್ನು ಮೂರನೆಯ ಸಲ ಉಜ್ಜುತ್ತಿದ್ದಳು. “ಅವಾಗ ಏನ್ ಹಿಡಿತೀರಿ? ಆ ಫ್ಲಾಸ್ಕ್ ತಂದು ಅದನ್ನ ಹಿಡೀರಿ.”

ಕೊನೆಗೆ ಆರಿಸಿದ್ದು ಅಪ್ಪನೇ. ಆರು ದಿನ ಉಳಿದಿದ್ದಾಗ ಒಂದು ಸಂಜೆ, “ದಿನಾ ಎಲ್ಲಿಗಿ ಹೋಗ್ತೀಲೇ? ನಡಿ ನಾನೂ ಬರ್ತೀನಿ,” ಎಂದು ಹೊರಟುಬಿಟ್ಟ. ಖಾದರ್ ಭಾಯಿ ಮೂರನ್ನೂ ಇಟ್ಟರು. ಅಪ್ಪ ಜೂಮ್ ಕೇಳಲಿಲ್ಲ, ಮೈಕು ಕೇಳಲಿಲ್ಲ. ಒಂದೊಂದನ್ನೇ ಅಂಗೈ ಮೇಲೆ ಇಟ್ಟುಕೊಂಡು ಎರಡು ಸಲ ಮೇಲೆ ಕೆಳಗೆ ಮಾಡಿದ, ಗಿರಣಿಯಲ್ಲಿ ಚೀಲದ ಮೂಲೆ ಹಿಡಿದು ತೂಗಿ ನೋಡುತ್ತಿದ್ದ ಹಾಗೆ. ಮೊದಲನೆಯದನ್ನು ಇಟ್ಟು, “ಇದರಾಗ ಏನೂ ಇಲ್ಲ,” ಎಂದ. ಎರಡನೆಯದಕ್ಕೆ, “ಇದರ ತೂಕ ಎಲ್ಲಾ ಒಂದೇ ಕಡಿ ಅದ, ಕೈ ನೋಯ್ತದ.” ಮೂರನೆಯದನ್ನು ಇನ್ನೂ ಒಂದು ಸಲ ಮೇಲೆ ಕೆಳಗೆ ಮಾಡಿದ. “ಇದು ಕುಂದ್ರತದ ನೋಡು ಕೈಯಾಗ. ಇದನ್ನ ಕಟ್ರಿ ಭಾಯಿ.” ಹದಿನೆಂಟು ದಿನಗಳ ನನ್ನ ಸಂಶೋಧನೆ ಅರ್ಧ ನಿಮಿಷದಲ್ಲಿ ಮುಗಿಯಿತು. ಖಾದರ್ ಭಾಯಿ ಎದ್ದು ನಿಂತು ಅಪ್ಪನಿಗೆ ಸಲಾಂ ಹೇಳಿದರು. ಆ ಮರ್ಯಾದೆ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಇನ್ನೇನು, ಕ್ಯಾಮೆರಾ ಬಂತು, ಅಪ್ಪ ಇದ್ದಾನೆ, ದನಿ ಇದೆ. ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕಿನಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅಲ್ಲಿ, ನನ್ನ ತಖ್ತೆಯ ಯಾವ ಕಾಲಮ್ಮಿನಲ್ಲೂ ಇಲ್ಲದ ತೊಂದರೆ ಎದುರಾಯಿತು. ಅಪ್ಪ ಇಡೀ ಜನ್ಮದಲ್ಲಿ ಕ್ಯಾಮೆರಾದ ಮುಂದೆ ಕೂತದ್ದು ಸರ್ಕಾರದ ಕೆಲಸಕ್ಕೆ ಮಾತ್ರ. ರೇಷನ್ ಕಾರ್ಡು, ಆಧಾರ್, ಪಿಂಚಣಿ. ಪ್ರತಿಸಲವೂ ಯಾರೋ ಒಬ್ಬ ಮೇಜಿನ ಆಚೆಯಿಂದ ನೆಟ್ಟಗೆ ಕೂಡು, ಅಲುಗಬೇಡ, ಕಣ್ಣು ಮಿಟುಕಿಸಬೇಡ ಎಂದಿದ್ದಾನೆ. ಹಾಗಾಗಿ ಕೆಂಪು ದೀಪ ಹತ್ತಿದ್ದೇ ತಡ ಅಪ್ಪ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ, ಕುತ್ತಿಗೆ ನೆಟ್ಟಗೆ ಮಾಡಿದ, ಕಣ್ಣು ಅಗಲಿಸಿದ, ಉಸಿರು ಹಿಡಿದ.

“ಮಾತಾಡು ಯಪ್ಪಾ.”

“ಹುಲಿಗೆಪ್ಪ,” ಎಂದ ಅಪ್ಪ, ನಾನು ಎಂದೂ ಕೇಳಿರದ ಸಣ್ಣ ದನಿಯಲ್ಲಿ. “ತಂದಿ ಹೆಸರು ಯಲ್ಲಪ್ಪ. ಕೂಲಿ. ಸಾಕಿನ್ ಮಾನ್ವಿ. ಹಾಲಿ ವಸ್ತಿ ರಾಯಚೂರು.”

“ಅದಲ್ಲ ಯಪ್ಪಾ. ಗಿರಣಿ ಬಗ್ಗಿ ಹೇಳು. ದಿನಾ ಮಾತಾಡ್ತೀಯಲ್ಲ, ಹಂಗ.”

“ಹೌದ್ರಿ. ಗಿರಣ್ಯಾಗ ಕೆಲಸ ಮಾಡೀನ್ರಿ,” ಎಂದು ನನಗೇ ಬಹುವಚನ ಹಚ್ಚಿದ. ಮತ್ತೇನೂ ಹೊರಡಲಿಲ್ಲ. ಮೂರು ನಿಮಿಷದ ಮೇಲೆ ತಾನಾಗಿಯೇ ಎರಡೂ ಕೈಯ ಹತ್ತು ಬೆರಳನ್ನು ಅಗಲಿಸಿ ಕ್ಯಾಮೆರಾದ ಮುಂದೆ ಹಿಡಿದ, ಬೆರಳಚ್ಚು ತೆಗೆದುಕೊಳ್ಳಲಿ ಎಂದು. ಕೆಂಪು ದೀಪ ಆರಿಸಿದೆ. ಆರಿದ ಕೂಡಲೇ, “ಆತೇನಲೇ? ಚಹಾ ಹಾಕ್ರಿ!” ಎಂದು ಮನೆ ಅದುರುವಂತೆ ಕೂಗಿದ. ನಾನು ಗುಂಡಿ ಒತ್ತುವಷ್ಟರಲ್ಲಿ ಮತ್ತೆ ಟೊಪ್ಪಿಗೆ ತೊಡೆಯ ಮೇಲಿತ್ತು.

ಮಗಳು ಪ್ರಯತ್ನಿಸಿದಳು, ಕತೆ ಹೇಳು ತಾತ ಎಂದಳು. ತಾತ ಅವಳಿಗೂ ತಂದೆಯ ಹೆಸರು ಹೇಳಿದ. ಸುಜಾತಾ ಜಗಳ ತೆಗೆದು ನೋಡಿದಳು. ಸಾರಿಗೆ ಉಪ್ಪೇ ಹಾಕಲಿಲ್ಲ. ಕೆಂಪು ದೀಪ ನೋಡಿ ಅಪ್ಪ, “ಭಾಳ ರುಚಿ ಅದರಿ,” ಎಂದ. ಮೂರನೆಯ ದಿನ ನಾನು ಕ್ಯಾಮೆರಾವನ್ನು ಪಾತ್ರೆಗಳ ಹಲಗೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿಟ್ಟು ಕಾಲೇಜಿಗೆ ಹೋದೆ. ಬಂದು ನೋಡಿದರೆ ನಲವತ್ತು ನಿಮಿಷ ಮಿಕ್ಸರಿನ ಸದ್ದು, ಆಮೇಲೆ ಅಪ್ಪನ ಗೊರಕೆ. ಗೊರಕೆಯೂ ದನಿಯೇ ಅಲ್ಲವೇ ಎಂದು ಸ್ವಲ್ಪ ಹೊತ್ತು ಸಮಾಧಾನ ಮಾಡಿಕೊಂಡೆ. ಆಗಲಿಲ್ಲ. ಎರಡು ದಿನ ಉಳಿದಿದ್ದವು. ಹೀಗೇ ಹೋದರೆ ನಾಳೆ ತಾತನ ದನಿ ಎಂದು ಮಗಳು ಯಾರಿಗಾದರೂ ಕೇಳಿಸುವುದು ಪಿಂಚಣಿಯ ಅರ್ಜಿಯೊಂದನ್ನೇ.

ಎಳ್ಳ ಅಮಾವಾಸ್ಯೆಗೆ ನಾವು ಪ್ರತಿವರ್ಷ ಅಕ್ಕನ ಹೊಲಕ್ಕೆ ಹೋಗುತ್ತೇವೆ. ದೇವದುರ್ಗದ ಬಸ್ಸು ಹಿಡಿದು, ಮಸರಕಲ್ಲಿನಲ್ಲಿ ಇಳಿದು, ಅಲ್ಲಿಂದ ಭಾವನ ಟ್ರ್ಯಾಕ್ಟರು. ಆಪರೇಷನ್ನಿಗೆ ಎರಡೇ ದಿನ, ಹೋಗುವುದು ಬೇಡ ಎಂದೆ. “ಗಂಟು ಕತ್ತಿನ್ಯಾಗ ಅದ, ಹೊಟ್ಟ್ಯಾಗ ಇಲ್ಲ,” ಎಂದ ಅಪ್ಪ. ಅಕ್ಕ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಎಣ್ಣಿಗಾಯಿ, ಕಡುಬು, ಸೆಂಗಾ ಹಿಂಡಿ ಎಲ್ಲ ಕಟ್ಟಿಕೊಂಡು ಬಂದಿದ್ದಳು. ಊಟಕ್ಕೆ ಮೊದಲು ಚರಗ ಚೆಲ್ಲಬೇಕು. ಮಾಡಿದ ಅಡುಗೆಯನ್ನೆಲ್ಲ ಕಲೆಸಿ ಬುಟ್ಟಿಯಲ್ಲಿಟ್ಟುಕೊಂಡು ಒಬ್ಬರು ಹೊಲದ ಸುತ್ತ ಚೆಲ್ಲುತ್ತ ಹೋಗುತ್ತಾರೆ, ಇನ್ನೊಬ್ಬರು ಹಿಂದಿನಿಂದ ನೀರು ಚಿಮುಕಿಸುತ್ತ ಬರುತ್ತಾರೆ. ಭಾವ ಬುಟ್ಟಿ ಹಿಡಿದ, ಅಕ್ಕ ತಂಬಿಗೆ ಹಿಡಿದಳು, ಸುಜಾತಾ ಮತ್ತು ಮಗಳು ಅವರ ಹಿಂದೆ ನಡೆದರು. ಅಪ್ಪ ಹೊಲದ ಇನ್ನೊಂದು ಬದುವಿನ ಬೇವಿನ ಮರದ ಕೆಳಗೆ, ಬುತ್ತಿ ಗಂಟುಗಳಿಗೆ ಕಾವಲು ಕೂತ.

ಅಪ್ಪನ ದನಿ ಸಿಗದಿದ್ದರೂ ಹಬ್ಬವಾದರೂ ಸಿಗಲಿ ಎಂದು ನಾನು ಕ್ಯಾಮೆರಾ ತೆಗೆದೆ. ಎಲ್ಲರ ಮುಖವೂ ಬರಬೇಕಾದರೆ ಮೆರವಣಿಗೆಯ ಮುಂದೆ ಇದ್ದು, ಅವರ ಕಡೆ ಮುಖ ಮಾಡಿ ಹಿಂದೆ ಹಿಂದೆ ನಡೆಯಬೇಕು. ನಡೆದೆ. ಕೈ ಅಷ್ಟೊಂದು ನಡುಗುತ್ತಿರಲಿಲ್ಲ. ಆಳೆತ್ತರದ ಬಿಳಿಜೋಳ, ಅದರ ನಡುವೆ ಭಾವನ ರುಮಾಲು, ಅಕ್ಕನ ತಂಬಿಗೆಯಿಂದ ಹಾರುವ ನೀರು, ಪರದೆಯ ಮೇಲೆ ಬಹಳ ಚೆನ್ನಾಗಿ ಕಾಣುತ್ತಿತ್ತು. ಭಾವನ ರುಮಾಲಿನ ತುದಿ ಚೌಕಟ್ಟಿನಲ್ಲಿ ಸ್ವಲ್ಪ ಕತ್ತರಿಸಿ ಹೋಗುತ್ತಿತ್ತು. ಇನ್ನೆರಡು ಹೆಜ್ಜೆ ಹಿಂದೆ ಹೋದರೆ ಸರಿಯಾಗುತ್ತದೆ ಎಂದುಕೊಂಡೆ. ಹೊಲದ ಆ ಬದಿಗೆ ಕಾಲುವೆಯ ಕವಲು ಹರಿಯುತ್ತದೆ. ಇದು ನನಗೆ ಇಪ್ಪತ್ತು ವರ್ಷಗಳಿಂದ ಗೊತ್ತು. ಆದರೆ ಪರದೆಯಲ್ಲಿ ಅದು ಇರಲಿಲ್ಲ.

ಆಮೇಲೆ ನಡೆದದ್ದನ್ನು ನಾನು ಕಣ್ಣಿನಿಂದ ನೋಡಲಿಲ್ಲ, ಮುಂದೆ ಕ್ಯಾಮೆರಾದಲ್ಲಿ ಎಷ್ಟೋ ಸಲ ಕೇಳಿ ತಿಳಿದಿದ್ದೇನೆ. ಒಟ್ಟು ಹತ್ತೊಂಬತ್ತು ಸೆಕೆಂಡು. ಮೊದಲು ಇಡೀ ಹೊಲ ದಾಟಿ ಬರುವ ದನಿ: “ಲೇ ಮಾರೆಪ್ಪಾ! ಹಿಂದ ನೋಡಲೇ ಹುಚ್ಚಪ್ಯಾಲಿ! ಕಾಲುವಿ ಅದ ಹಿಂದ!” ಮಾರೆಪ್ಪ ಎಂದರೆ ನಾನು. ಆಮೇಲೆ ಚಿತ್ರ ತಿರುಗುತ್ತದೆ, ನೀರಿನ ಸದ್ದು ಕೇಳುತ್ತದೆ. ಕ್ಯಾಮೆರಾ ನನ್ನ ಕೈಬಿಟ್ಟು ಜೋಳದ ಸಾಲಿನಲ್ಲಿ ಬಿದ್ದು ಆಕಾಶ ನೋಡುತ್ತದೆ. ಒಂದು ಜೋಳದ ಎಲೆ ಅಲ್ಲಾಡುತ್ತದೆ. ಆ ಎಲೆಯ ಮೇಲೆ ಅಪ್ಪನ ದನಿ: “ಬಿದ್ದ! ಬಿದ್ದನಲ್ಲೋ! ಹಿಡೀರಿ ಅವನ್ನ! ಏ ಶಾಂತವ್ವಾ, ಕ್ಯಾಮೆರಾ ಬಿಡು ಬೇ, ಅವನ್ನ ಹಿಡಿ! ನನ್ನ ಮಗನಿಗಿ ಈಜು ಬರಂಗಿಲ್ಲ! ಅವನಿಗಿ ಈಜು ಬರಂಗಿಲ್ಲಾ!” ಅಷ್ಟರಲ್ಲಿ ಅಕ್ಕ ಕ್ಯಾಮೆರಾ ಎತ್ತಿಕೊಳ್ಳಲು ಹೋಗಿ ಗಾಬರಿಯಲ್ಲಿ ಗುಂಡಿ ಒತ್ತಿದಳು, ಮುಗಿಯಿತು.

ಕಾಲುವೆಯಲ್ಲಿ ನೀರು ಸೊಂಟದವರೆಗಿತ್ತು. ಆಮೇಲೆ ಪ್ಯಾಂಟಿನ ಒದ್ದೆಯ ಗುರುತು ಹಿಡಿದು ಅಳೆದೆ, ಸೊಂಟಕ್ಕಿಂತಲೂ ನಾಲ್ಕು ಬೆರಳು ಕಡಿಮೆಯೇ. ನಾನು ಎದ್ದು ನಿಂತಿದ್ದೆ. ಎದ್ದು ನಿಂತ ಮಗನಿಗೂ ಆ ಮುದುಕ ಹೊಲ ಸೀಳಿಕೊಂಡು, ಜೋಳದ ದಂಟು ಮುರಿಯುತ್ತ ಓಡಿಬಂದಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಂದವನು ನನ್ನ ತೋಳು ಹಿಡಿದು ದಂಡೆಗೆ ಎಳೆದು, ತನ್ನ ಹೆಗಲ ಮೇಲಿನ ಟವೆಲಿನಿಂದ ನನ್ನ ತಲೆ ಒರೆಸಿದ. ನಲವತ್ತಾರು ವರ್ಷದ ತಲೆ. ಅಕ್ಕ, ಸುಜಾತಾ, ಮಗಳು ಮೂವರೂ ಮೊದಲು ಅತ್ತರು, ಆಮೇಲೆ ನನ್ನನ್ನು ನೋಡಿ ನಗತೊಡಗಿದರು. ನಗು ನಿಲ್ಲಲಿಲ್ಲ.

ಅವರೆಲ್ಲ ಊಟ ಬಡಿಸಲು ಹೋದಾಗ ನಾನೂ ಅಪ್ಪನೂ ಬಿಸಿಲಿಗೆ ಕೂತೆವು. ಅಪ್ಪ ಕ್ಯಾಮೆರಾವನ್ನು ಟವೆಲಿನಿಂದ ಒರೆಸಿ ನನ್ನ ಕೈಗೆ ಕೊಟ್ಟು ಕೇಳಿದ, “ಈಗರ ಬಂತೇನು ನನ್ನ ದನಿ ಅದರಾಗ?”

“ನಿನಗ ಗೊತ್ತದೇನು ಯಪ್ಪಾ?”

“ತಪಾಸಣಿಗಿ ಹೋದ ದಿನ ಕಾಗದಕ್ಕ ಹೆಬ್ಬೆಟ್ಟು ಒತ್ತು ಅಂದ್ರು. ಓದಿಸದ ನಾ ಎಂದರ ಒತ್ತೀನೇನು? ನರ್ಸವ್ವ ಎಲ್ಲಾ ಓದಿ ಹೇಳ್ಯಾಳ. ನೀ ಹೆದರಿ ಸಾಯಾಕತ್ತಿದ್ದಿ, ಅದಕ್ಕ ಸುಮ್ನಿದ್ದೆ.”

“ಗೊತ್ತಿದ್ರ ಮನ್ಯಾಗ ಕ್ಯಾಮೆರಾ ಮುಂದ ಯಾಕ ಮಾತಾಡ್ಲಿಲ್ಲ ಮತ್ತ? ಎಷ್ಟು ಕೇಳಿದೆ!”

“ಮಾತಾಡು ಅಂದ್ರ ಏನ್ ಮಾತಾಡಬೇಕೋ?” ಎಂದ ಅಪ್ಪ. “ಕೆಲಸ ಇದ್ರ ದನಿ ಬರ್ತದ. ಕುರ್ಚಿ ಮ್ಯಾಲ ಸುಮ್ನ ಕುಂತು ಯಾವನರ ಕೂಗ್ಯಾನೇನು?”

ಆಪರೇಷನ್ ಸರಿಯಾಗಿ ಆಯಿತು. ಗಂಟು ಕೆಟ್ಟದ್ದಲ್ಲ ಎಂದು ವರದಿ ಬಂತು. ದನಿ ಮಾತ್ರ ಹೋಯಿತು. ಪೂರ್ತಿ ಅಲ್ಲ, ಒಂದು ಪಿಸುಮಾತು ಉಳಿದಿದೆ, ಒಣ ಎಲೆಗಳನ್ನು ಸರಿಸಿದ ಹಾಗೆ. ಆರು ತಿಂಗಳಲ್ಲಿ ಬಂದರೂ ಬರಬಹುದು ಎಂದಿದ್ದಾರೆ ಡಾಕ್ಟರು, ಇದಕ್ಕೂ ಅಂಕಿ ಹೇಳಿಲ್ಲ. ನಾಲ್ಕು ತಿಂಗಳು ಕಳೆದಿವೆ. ಎದುರುಮನೆಯವರು ಈಗ ನಮ್ಮ ಬಾಗಿಲಿಗೇ ಬಂದು ಯೋಗಕ್ಷೇಮ ಕೇಳಿ ಹೋಗುತ್ತಾರೆ. ಅಪ್ಪ ಏನಾದರೂ ಹೇಳಬೇಕಾದರೆ ನಾವು ಬಗ್ಗಿ ಕಿವಿ ಕೊಡಬೇಕು. ಮೊದಲ ಸಲ ಹಾಗೆ ಬಗ್ಗಿದಾಗ ಅಪ್ಪ ಹೇಳಿದ್ದು, “ಕಿವಿ ತೊಳಕೋಲೇ,” ಎಂದು.

ಆ ಹತ್ತೊಂಬತ್ತು ಸೆಕೆಂಡನ್ನು ನಾನು ಮೂರು ಕಡೆ ಉಳಿಸಿಟ್ಟಿದ್ದೇನೆ. ಕ್ಯಾಮೆರಾ ಮಾತ್ರ ಅಪ್ಪನ ವಶವಾಗಿದೆ. ಹಾಸಿಗೆಯ ಪಕ್ಕದ ಗೂಡಿನಲ್ಲಿ ಇಟ್ಟುಕೊಂಡಿದ್ದಾನೆ. ಜೂಮ್ ಮಾಡುವುದು ಗೊತ್ತಿಲ್ಲ, ತೆಗೆಯುವುದು ಗೊತ್ತಿಲ್ಲ. ಪರದೆ ಬಿಚ್ಚಿ ಒಂದೇ ಒಂದು ಗುಂಡಿ ಒತ್ತುವುದನ್ನು ಮೊಮ್ಮಗಳಿಂದ ಕಲಿತಿದ್ದಾನೆ. ನಾನು ತಪ್ಪು ಮಾತ್ರೆ ತಂದಾಗ, ಬಸ್ಸಿನ ವೇಳೆ ತಪ್ಪಿಸಿದಾಗ, ಬದನೆಕಾಯಿಗೆ ಹೋಗಿ ಒಂದು ತಾಸು ಬಿಟ್ಟು ಬಂದಾಗ ಒತ್ತುತ್ತಾನೆ. ನನ್ನನ್ನು ಬಿಟ್ಟು ಬೇರೆ ಯಾರಿಗೂ ಒತ್ತುವುದಿಲ್ಲ. ಸುಜಾತಾಳಿಗೆ ಅದರಿಂದ ಅಡುಗೆಮನೆಯಲ್ಲಿ ಎಷ್ಟು ಸಂತೋಷವಾಗುತ್ತದೆ ಎಂದು ಪಾತ್ರೆಯ ಸದ್ದಿನಲ್ಲೇ ತಿಳಿಯುತ್ತದೆ.

ಈಗ ಒಂದು ಸಣ್ಣ ಯಂತ್ರ ಕೊಳ್ಳಬೇಕೆಂದಿದ್ದೇನೆ. ಮೇಷ್ಟ್ರುಗಳು ಪಾಠ ಮಾಡುವಾಗ ಕೊರಳಿಗೆ ಮೈಕು, ಸೊಂಟಕ್ಕೆ ಸ್ಪೀಕರು ಕಟ್ಟಿಕೊಳ್ಳುತ್ತಾರಲ್ಲ, ಅದು. ಪಿಸುಮಾತನ್ನೂ ಅದು ದೊಡ್ಡದು ಮಾಡುತ್ತದಂತೆ. ವಿಚಾರಿಸಿದಾಗ ಒಳ್ಳೆಯವು ಮೂರಿವೆ ಎಂದು ತಿಳಿಯಿತು. ಒಂದರ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಇನ್ನೊಂದು ಹಗುರ, ಮೂರನೆಯದು ಕೀರಲು ಸದ್ದು ಮಾಡುವುದಿಲ್ಲ. ನಿನ್ನೆ ಸಂಜೆ ಪಡಸಾಲೆಯಲ್ಲಿ ಕೂತು ರೆಕಾರ್ಡ್ ಪುಸ್ತಕದ ಹೊಸ ಪುಟದಲ್ಲಿ ಸ್ಕೇಲು ಇಟ್ಟು ಗೆರೆ ಎಳೆಯುತ್ತಿದ್ದೆ. ಎರಡನೆಯ ಗೆರೆಗೆ ಸ್ಕೇಲು ಸರಿಸಿದ್ದೆ, ಅಷ್ಟೇ. ಒಳಗಿನಿಂದ ಇಡೀ ಮನೆ ತುಂಬುವಂತೆ ಆ ದನಿ ಬಂತು: “ಲೇ ಮಾರೆಪ್ಪಾ! ಹಿಂದ ನೋಡಲೇ ಹುಚ್ಚಪ್ಯಾಲಿ!”

ಅದು ಕ್ಯಾಮೆರಾ ಎಂದು ನನಗೆ ಗೊತ್ತು. ನನ್ನ ಹಿಂದೆ ಇರುವುದು ಗೋಡೆ ಎಂದೂ ಗೊತ್ತು. ಆದರೂ ಪ್ರತಿಸಲವೂ ತಿರುಗಿ ನೋಡುತ್ತೇನೆ.